ಕಾಲರಿಗೆ ಸಿಕ್ಕಿಸಿದ ಫಿಲ್ಟರ್ ಏನು ಹೇಳುತ್ತದೆ? ಕಾರ್ಖಾನೆಯ ಗಾಳಿಯನ್ನು ಅಳೆಯುವ ಬಗೆ

ಬೆಳಗಿನ ಶಿಫ್ಟ್ ಶುರುವಾಗುವ ಹೊತ್ತಿಗೆ ಹೊರಗಿನಿಂದ ಇಬ್ಬರು ಬಂದು, ಗ್ರೈಂಡಿಂಗ್ ಮಾಡುವವರೊಬ್ಬರ ಬೆಲ್ಟಿಗೆ ಅಂಗೈಯಗಲದ ಪೆಟ್ಟಿಗೆಯೊಂದನ್ನು ಸಿಕ್ಕಿಸುತ್ತಾರೆ. ಅದರಿಂದ ಹೊರಟ ನಳಿಕೆಯನ್ನು ಬೆನ್ನ ಮೇಲಿಂದ ಭುಜಕ್ಕೆ ತಂದು, ತುದಿಯಲ್ಲಿರುವ ಪುಟ್ಟ ಡಬ್ಬಿಯನ್ನು ಕಾಲರಿನ ಹತ್ತಿರ ಕ್ಲಿಪ್ ಹಾಕುತ್ತಾರೆ. "ಸಂಜೆವರೆಗೆ ತೆಗೆಯಬೇಡಿ, ಎಂದಿನಂತೆ ಕೆಲಸ ಮಾಡಿ" ಎಂದಷ್ಟೇ ಹೇಳಿ ಬದಿಗೆ ನಿಂತು ಏನೋ ಬರೆದುಕೊಳ್ಳುತ್ತಾರೆ. ಪೆಟ್ಟಿಗೆ ಗುಂಯ್ ಎನ್ನುತ್ತಲೇ ಇರುತ್ತದೆ. ನಮ್ಮ ಮಾತು ರೆಕಾರ್ಡ್ ಆಗುತ್ತಿದೆಯೇ? ಎಷ್ಟು ಹೊತ್ತು ಕೈ ಕಟ್ಟಿ ಕೂತೆವು ಎಂದು ಲೆಕ್ಕ ಹಾಕುತ್ತದೆಯೇ? ಇಂಥ ಅನುಮಾನಗಳು ಏಳುವುದು ಸಹಜ, ಏಕೆಂದರೆ ಅದು ಏನೆಂದು ಬಿಡಿಸಿ ಹೇಳುವವರು ಕಡಿಮೆ.

ಆ ಪೆಟ್ಟಿಗೆ ಮಾತನ್ನೂ ಕೇಳುವುದಿಲ್ಲ, ಯಾರು ಎಲ್ಲಿ ಹೋದರೆಂದೂ ನೋಡುವುದಿಲ್ಲ. ಅದು ಗಾಳಿ ಎಳೆಯುವ ಪಂಪು. ನಿಮ್ಮ ಮೂಗಿನ ಹತ್ತಿರದ ಗಾಳಿಯನ್ನು ಎಳೆದು, ಅದರಲ್ಲಿರುವ ಧೂಳನ್ನು ಫಿಲ್ಟರಿನ ಮೇಲೆ ಕೂಡಿಡುವುದೊಂದೇ ಅದರ ಕೆಲಸ.

ಈ ವಿಷಯ ಈಗ ಪರಿಣತರ ಕೋಣೆಯಿಂದ ಹೊರಗೆ ಬಂದಿದೆ. ಅಡುಗೆಮನೆಯ ಕಟ್ಟೆಗೆ ಹಾಕುವ ಕೃತಕ ಕಲ್ಲಿನ ಹಾಸನ್ನು ಕತ್ತರಿಸುತ್ತಿದ್ದ ಎಳೆಯ ವಯಸ್ಸಿನವರಿಗೆ ಹಲವು ದೇಶಗಳಲ್ಲಿ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ಬಂತು. ಈ ಕಲ್ಲಿನಲ್ಲಿ ಸಿಲಿಕಾ, ಎಂದರೆ ಮರಳಿನಲ್ಲಿರುವ ಖನಿಜ, 90 ಪ್ರತಿಶತಕ್ಕೂ ಹೆಚ್ಚಿರಬಹುದು. ಕೊನೆಗೆ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅದನ್ನು ನಿಷೇಧಿಸಿತು. ಅದಕ್ಕೆ ಎರಡು ವರ್ಷ ಮೊದಲು, 2022ರ ಜೂನ್‌ನಲ್ಲಿ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಸುರಕ್ಷಿತ ಹಾಗೂ ಆರೋಗ್ಯಕರ ಕೆಲಸದ ವಾತಾವರಣವನ್ನು ದುಡಿಮೆಯ ಮೂಲಭೂತ ಹಕ್ಕುಗಳ ಸಾಲಿಗೆ ಸೇರಿಸಿತು. ಹಕ್ಕು ಎಂದ ಮೇಲೆ ಅದು ಸಿಗುತ್ತಿದೆಯೋ ಇಲ್ಲವೋ ತಿಳಿಯಬೇಕು. ಗಾಳಿಯ ಮಟ್ಟಿಗೆ ಅದನ್ನು ತಿಳಿಯಲು ಅಳೆಯದೆ ಬೇರೆ ದಾರಿ ಇಲ್ಲ.

## ಕಣ್ಣು, ಮೂಗು ಏಕೆ ಸಾಲವು

"ಧೂಳೇ ಕಾಣುತ್ತಿಲ್ಲವಲ್ಲ, ಮತ್ತೇನು ಭಯ?" ಎಂಬ ಮಾತು ಎಲ್ಲ ಕಾರ್ಖಾನೆಗಳಲ್ಲೂ ಕೇಳಿಬರುತ್ತದೆ. ಬರಿಗಣ್ಣಿಗೆ ಒಂದು ಒಂಟಿ ಕಣ ಕಾಣಬೇಕಾದರೆ ಅದು ಸುಮಾರು 50 ಮೈಕ್ರಾನ್ ಇರಬೇಕು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಶ್ವಾಸಕೋಶಕ್ಕೆ ಹೆಚ್ಚು ಹಾನಿ ಮಾಡುವ ಕಣಗಳು ಇದರ ಹತ್ತನೇ ಒಂದು ಭಾಗದಷ್ಟೂ ಇರುವುದಿಲ್ಲ.

ಗಾತ್ರಕ್ಕೆ ತಕ್ಕಂತೆ ಕಣ ದೇಹದೊಳಗೆ ಹೋಗುವ ದೂರವೂ ಬೇರೆಯಾಗುತ್ತದೆ. ದೊಡ್ಡವು ಮೂಗು, ಗಂಟಲಿನಲ್ಲೇ ಸಿಕ್ಕಿಕೊಂಡು ಸೀನು, ಕಫದೊಡನೆ ಹೊರಬರುತ್ತವೆ. ಸುಮಾರು 10 ಮೈಕ್ರಾನಿನಷ್ಟಿರುವವು ಗಂಟಲು ದಾಟಿ ಉಸಿರುನಾಳಗಳಿಗೆ ಇಳಿಯಬಲ್ಲವು. ಸುಮಾರು 4 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣವು ನಾಳಗಳ ಕೊನೆಯ ಗಾಳಿಚೀಲಗಳವರೆಗೂ ಹೋಗುತ್ತವೆ. ಆಮ್ಲಜನಕ ರಕ್ತಕ್ಕೆ ಸೇರುವ ಜಾಗ ಅದು. ಅಲ್ಲಿ ಕಸ ಗುಡಿಸಿ ಹೊರಹಾಕುವ ರೋಮಗಳಿಲ್ಲ. ಸಿಲಿಕಾದಂಥ ಕಣ ಅಲ್ಲಿ ಕೂತರೆ, ಅದನ್ನು ನುಂಗಲು ಬಂದ ರಕ್ಷಕ ಕೋಶಗಳೇ ಸಾಯುತ್ತವೆ. ಸುತ್ತಲಿನ ಅಂಗಾಂಶ ಗಾಯದ ಕಲೆಯಂತೆ ಗಟ್ಟಿಯಾಗುತ್ತದೆ. ಸಿಲಿಕೋಸಿಸ್ ಎಂದರೆ ಇದೇ. ಒಮ್ಮೆ ಗಟ್ಟಿಯಾದ ಭಾಗ ಮತ್ತೆ ಮೆತ್ತಗಾಗುವುದಿಲ್ಲ, ಅದನ್ನು ಸರಿಪಡಿಸುವ ಮದ್ದೂ ಇಲ್ಲ.

100 ಮೈಕ್ರಾನಿನ ಕಣ ಕೆಲವೇ ಸೆಕೆಂಡುಗಳಲ್ಲಿ ನೆಲ ಸೇರುತ್ತದೆ. 1 ಮೈಕ್ರಾನಿನದು ಅಲುಗಾಡದ ಗಾಳಿಯಲ್ಲೂ ಗಂಟೆಗಟ್ಟಲೆ ತೇಲುತ್ತದೆ. ಎಂದರೆ ಕಾಣುವ ಧೂಳು ಬೇಗ ಕೆಳಗಿಳಿದು, ಕಾಣದ ಧೂಳು ಉಸಿರಿನ ಎತ್ತರದಲ್ಲೇ ಉಳಿಯುತ್ತದೆ. ಮೆಷಿನ್ ನಿಲ್ಲಿಸಿ ಊಟಕ್ಕೆ ಕೂತಾಗಲೂ ಅದೇ ಶೆಡ್ಡಿನೊಳಗೆ ಕೂತಿದ್ದರೆ ಅದು ಒಳಗೆ ಹೋಗುತ್ತಲೇ ಇರುತ್ತದೆ.

ಈ ಕಾಣದ ಧೂಳನ್ನು ಕಾಣಿಸುವ ಸುಲಭ ಉಪಾಯವೊಂದಿದೆ. ಪರಿಣತರು ಅದನ್ನು ಧೂಳುದೀಪ ಎನ್ನುತ್ತಾರೆ. ಸುತ್ತಲಿನ ಬೆಳಕು ಕಡಿಮೆ ಮಾಡಿ, ಕೆಲಸ ನಡೆಯುವ ಜಾಗದ ಆಚೆ ಬದಿಯಿಂದ ಪ್ರಬಲವಾದ ಟಾರ್ಚನ್ನು ನೋಡುವವರ ಕಡೆಗೆ ಬಿಡಬೇಕು. ಬಲ್ಬು ಮಾತ್ರ ನೇರವಾಗಿ ಕಣ್ಣಿಗೆ ಬೀಳದಂತೆ ಮರೆ ಮಾಡಿಕೊಳ್ಳಬೇಕು. ಆಗ ಸಣ್ಣ ಕಣಗಳು ಬೆಳಕನ್ನು ಮುಂದಕ್ಕೆ ಚದುರಿಸಿ, ಅದುವರೆಗೆ ಶುದ್ಧವೆನಿಸಿದ ಗಾಳಿಯಲ್ಲಿ ಮೋಡದಂತೆ ಎದ್ದು ಕಾಣುತ್ತವೆ. ಎಷ್ಟಿದೆ ಎಂಬ ಅಂಕಿ ಇದರಿಂದ ಸಿಗದು. ಆದರೆ ಧೂಳು ಎಲ್ಲಿ ಹುಟ್ಟುತ್ತಿದೆ, ಎಕ್ಸಾಸ್ಟ್ ಅದನ್ನು ಎಳೆಯುತ್ತಿದೆಯೋ ಅಥವಾ ಅದು ಮುಖದ ಕಡೆಗೇ ಬರುತ್ತಿದೆಯೋ ಎಂಬುದು ಕಣ್ಣೆದುರೇ ಗೊತ್ತಾಗುತ್ತದೆ.

ಮೂಗಿನ ಕತೆ ಇನ್ನೂ ಅಪಾಯದ್ದು. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಹೈಡ್ರೋಜನ್ ಸಲ್ಫೈಡ್ ಅತ್ಯಲ್ಪ ಪ್ರಮಾಣದಲ್ಲೇ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ, ನಿಜ. ಆದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅದು ಸುಮಾರು 100 ಭಾಗ ಮುಟ್ಟಿದರೆ ವಾಸನೆಯ ನರವೇ ಕೆಲವು ನಿಮಿಷಗಳಲ್ಲಿ ಸೋತುಬಿಡುತ್ತದೆ. ವಾಸನೆ ಹೋಯಿತು, ಇನ್ನು ಪರವಾಗಿಲ್ಲ ಎಂದುಕೊಳ್ಳುವ ಕ್ಷಣವೇ ಪ್ರಾಣಕ್ಕೆ ಕುತ್ತು ತರುತ್ತದೆ. ತೊಟ್ಟಿ, ಗುಂಡಿಗಳಲ್ಲಿ ಒಬ್ಬರ ಹಿಂದೆ ಒಬ್ಬರು ಇಳಿದು ಸತ್ತ ಸುದ್ದಿಗಳ ಹಿಂದೆ ಹಲವು ಬಾರಿ ಇದೇ ಅನಿಲ ಇರುತ್ತದೆ.

## ಗಾಳಿಯಲ್ಲಿರುವುದು ಯಾವ ರೂಪದಲ್ಲಿದೆ?

ಅಳೆಯುವ ಮೊದಲು ಏನನ್ನು ಹಿಡಿಯಬೇಕು ಎಂಬುದು ಗೊತ್ತಿರಬೇಕು. ಕಲ್ಲು, ಮರ, ಲೋಹ, ಹತ್ತಿಯನ್ನು ಒಡೆದಾಗ, ಉಜ್ಜಿದಾಗ ಏಳುವುದು ಧೂಳು. ವೆಲ್ಡಿಂಗ್‌ನಲ್ಲಿ ಲೋಹ ಕಾದು ಆವಿಯಾಗಿ, ಗಾಳಿಯಲ್ಲಿ ತಣ್ಣಗಾಗಿ ಮತ್ತೆ ಗಟ್ಟಿ ಕಣವಾದರೆ ಅದು ಲೋಹದ ಹೊಗೆ. ಇದರ ಕಣಗಳು ಬಹುಪಾಲು ಒಂದು ಮೈಕ್ರಾನಿಗಿಂತ ಸಣ್ಣವು. ಸ್ಪ್ರೇ ಪೇಂಟಿಂಗ್‌ನಲ್ಲಿ, ಕಟಿಂಗ್ ಆಯಿಲ್ ಸಿಡಿಯುವಲ್ಲಿ ತೇಲುವುದು ದ್ರವದ ಹನಿಗಳು. ಥಿನ್ನರ್, ಅಂಟು, ಪೆಟ್ರೋಲಿನಿಂದ ಏಳುವುದು ಆವಿ. ಕ್ಲೋರಿನ್, ಅಮೋನಿಯಾ ಅನಿಲಗಳು.

ಧೂಳು, ಹೊಗೆ, ಹನಿಗಳನ್ನು ಫಿಲ್ಟರ್ ತಡೆಯುತ್ತದೆ. ಆವಿ, ಅನಿಲಗಳು ಅದೇ ಫಿಲ್ಟರನ್ನು ಆರಾಮಾಗಿ ದಾಟಿ ಹೋಗುತ್ತವೆ. ಧೂಳಿನ ಮಾಸ್ಕ್ ಥಿನ್ನರ್ ವಾಸನೆಯನ್ನು ತಡೆಯದಿರುವುದಕ್ಕೂ ಇದೇ ಕಾರಣ.

## ಪಂಪು, ಫಿಲ್ಟರ್, ತಕ್ಕಡಿ

ಈಗ ಆ ಪೆಟ್ಟಿಗೆಯ ವಿಷಯ. ಪಂಪು ನಿಮಿಷಕ್ಕೆ ಇಂತಿಷ್ಟು ಲೀಟರ್ ಗಾಳಿಯನ್ನು ಒಂದೇ ಸಮನೆ ಎಳೆಯಬೇಕು. ಹಾಕುವ ಮೊದಲು ಒಮ್ಮೆ, ತೆಗೆದ ಮೇಲೆ ಒಮ್ಮೆ, ಅದರ ವೇಗವನ್ನು ಬೇರೊಂದು ಮಾಪಕಕ್ಕೆ ಹಚ್ಚಿ ನೋಡುತ್ತಾರೆ. ಎರಡರ ನಡುವೆ 5 ಪ್ರತಿಶತಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ಮಾದರಿಯನ್ನು ಸಾಮಾನ್ಯವಾಗಿ ಕೈಬಿಡುತ್ತಾರೆ.

ಗಾಳಿಚೀಲದವರೆಗೆ ಹೋಗುವ ಸಣ್ಣ ಧೂಳು ಮಾತ್ರ ಬೇಕಿದ್ದರೆ ಫಿಲ್ಟರಿನ ಮುಂದೆ ಸೈಕ್ಲೋನ್ ಎಂಬ ಹೆಬ್ಬೆರಳ ಗಾತ್ರದ ಲೋಹದ ಅಥವಾ ಪ್ಲಾಸ್ಟಿಕ್ಕಿನ ಕೊಳವೆ ಇರುತ್ತದೆ. ಒಕ್ಕಣೆಯ ಕಣದಲ್ಲಿ ರಾಶಿ ತೂರುವಾಗ ಕಾಳು ಬುಡಕ್ಕೆ ಬಿದ್ದು ಹೊಟ್ಟು ಗಾಳಿಯೊಡನೆ ಹಾರಿಹೋಗುತ್ತದಲ್ಲ, ಇಲ್ಲಿ ನಡೆಯುವುದೂ ಅದೇ. ಒಳಬಂದ ಗಾಳಿ ಗಿರಗಿರನೆ ಸುತ್ತುತ್ತದೆ. ಭಾರದ ಕಣಗಳು ಗೋಡೆಗೆ ಬಡಿದು ಕೆಳಗಿನ ಪುಟ್ಟ ಬಟ್ಟಲಿಗೆ ಬೀಳುತ್ತವೆ, ಹಗುರವಾದವು ಮೇಲೇರಿ ಫಿಲ್ಟರಿನಲ್ಲಿ ಕೂರುತ್ತವೆ. ತೂರುವಾಗ ಗಾಳಿಯ ಬಿರುಸು ಹದವಾಗಿರಬೇಕಾದ ಹಾಗೆ ಇಲ್ಲೂ ಪಂಪಿನ ವೇಗ ನಿಗದಿಯಾದದ್ದೇ ಇರಬೇಕು. ಅಲ್ಯೂಮಿನಿಯಂ ಸೈಕ್ಲೋನಿಗೆ ನಿಮಿಷಕ್ಕೆ 2.5 ಲೀಟರ್, 10 ಮಿಲಿಮೀಟರಿನ ನೈಲಾನ್ ಸೈಕ್ಲೋನಿಗೆ 1.7 ಲೀಟರ್. ವೇಗ ತಗ್ಗಿದರೆ ದೊಡ್ಡ ಕಣಗಳೂ ಫಿಲ್ಟರಿಗೆ ಹೋಗಿ ಅಂಕಿ ಸುಳ್ಳಾಗುತ್ತದೆ.

ಪಂಪು ಹಾಕಿಕೊಂಡವರು ಗೊತ್ತುಮಾಡಿಕೊಳ್ಳಬೇಕಾದ ಮಾತು ಇಲ್ಲೇ ಇದೆ. ಊಟದ ಹೊತ್ತಿಗೋ ಶೌಚಾಲಯಕ್ಕೆ ಹೋಗುವಾಗಲೋ ಅದನ್ನು ಬಿಚ್ಚಿ ಬೆಂಚಿನ ಮೇಲೆ ಬೋರಲು ಹಾಕಿದರೆ, ಬಟ್ಟಲಿನ ದಪ್ಪ ಧೂಳು ಉರುಳಿ ಫಿಲ್ಟರಿಗೆ ಬೀಳುತ್ತದೆ. ಇಡೀ ದಿನದ ಮಾದರಿ ಅಲ್ಲಿಗೆ ಕೆಟ್ಟಿತು. ಬಿಚ್ಚಲೇಬೇಕಿದ್ದರೆ ಅಳೆಯಲು ಬಂದವರನ್ನೇ ಕರೆಯುವುದು ಒಳ್ಳೆಯದು.

ಫಿಲ್ಟರನ್ನು ಮೊದಲೇ ತೂಗಿರುತ್ತಾರೆ. ಆಮೇಲೆ ಪ್ರಯೋಗಾಲಯದಲ್ಲಿ ಮತ್ತೆ ತೂಗುತ್ತಾರೆ. ಮಿಲಿಗ್ರಾಮಿನ ಸಾವಿರದ ಭಾಗಗಳನ್ನು ತೋರಿಸುವ ತಕ್ಕಡಿ ಬೇಕು, ಅಂಥ ತಕ್ಕಡಿಯಲ್ಲಿ ಫಿಲ್ಟರ್ ಹೀರಿದ ತೇವವೂ ತೂಕವಾಗಿ ಕಾಣುತ್ತದೆ. ಅದಕ್ಕಾಗಿಯೇ ಗಾಳಿ ಎಳೆಯದ ಒಂದು ಖಾಲಿ ಫಿಲ್ಟರನ್ನೂ ಕಾರ್ಖಾನೆಗೆ ಒಯ್ದು ವಾಪಸು ತಂದು ತೂಗುತ್ತಾರೆ. ಅದರ ತೂಕದಲ್ಲಾದ ಏರುಪೇರನ್ನು ಉಳಿದವುಗಳಿಂದ ಕಳೆಯುತ್ತಾರೆ.

ಒಂದು ಲೆಕ್ಕ ನೋಡೋಣ. ಪಂಪು ನಿಮಿಷಕ್ಕೆ 2.5 ಲೀಟರಿನಂತೆ 480 ನಿಮಿಷ ಓಡಿತು. ಒಟ್ಟು 1,200 ಲೀಟರ್, ಎಂದರೆ 1.2 ಘನ ಮೀಟರ್ ಗಾಳಿ. ಫಿಲ್ಟರಿನ ತೂಕ 0.18 ಮಿಲಿಗ್ರಾಂ ಹೆಚ್ಚಾಗಿದೆ. 0.18ನ್ನು 1.2ರಿಂದ ಭಾಗಿಸಿದರೆ ಘನ ಮೀಟರಿಗೆ 0.15 ಮಿಲಿಗ್ರಾಂ ಸಣ್ಣ ಧೂಳು. ಅಮೆರಿಕದ ಕಾರ್ಮಿಕ ಸುರಕ್ಷತಾ ಆಡಳಿತ, ಓಷಾ, ಬೇರೆ ಯಾವ ವಿಶೇಷ ಮಿತಿಯೂ ಇಲ್ಲದ ಸಾಮಾನ್ಯ ಸಣ್ಣ ಧೂಳಿಗೆ ಹಾಕಿರುವ ಮಿತಿ 5 ಮಿಲಿಗ್ರಾಂ. ಅದರೆದುರು 0.15 ಏನೇನೂ ಅಲ್ಲ ಎನಿಸುತ್ತದೆ.

ಅದೇ ಫಿಲ್ಟರನ್ನು ಎಕ್ಸ್‌ರೇ ಅಥವಾ ಅತಿಗೆಂಪು ಕಿರಣದ ಪರೀಕ್ಷೆಗೆ ಹಾಕಿದಾಗ ಧೂಳಿನ 40 ಪ್ರತಿಶತ ಸ್ಫಟಿಕರೂಪದ ಸಿಲಿಕಾ ಎಂದು ಬಂತೆನ್ನಿ. ಆಗ ಸಿಲಿಕಾದ ಪ್ರಮಾಣ ಘನ ಮೀಟರಿಗೆ 0.06 ಮಿಲಿಗ್ರಾಂ. ಓಷಾ 2016ರಲ್ಲಿ ಸಿಲಿಕಾಕ್ಕೆ ಹಾಕಿದ ಮಿತಿ 0.05. ಮೊದಲ ಲೆಕ್ಕದಲ್ಲಿ ಮಿತಿಯ 3 ಪ್ರತಿಶತವಷ್ಟೇ ಇದ್ದ ಗಾಳಿ, ಎರಡನೆಯದರಲ್ಲಿ ಮಿತಿ ಮೀರಿದೆ! ಧೂಳು ಎಷ್ಟಿದೆ ಎಂದು ಮಾತ್ರ ಬರೆದು, ಯಾವ ಧೂಳು ಎಂದು ಬರೆಯದ ವರದಿಯನ್ನು ಕಲ್ಲು, ಫೌಂಡ್ರಿ, ಸೆರಾಮಿಕ್ ಕೆಲಸದವರು ಒಪ್ಪಿಕೊಳ್ಳಬಾರದು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಕಲ್ನಾರಿನ (ಆಸ್ಬೆಸ್ಟಾಸ್) ವಿಷಯದಲ್ಲಿ ತೂಕವನ್ನೇ ಬಿಟ್ಟು ಎಳೆಗಳನ್ನು ಎಣಿಸುತ್ತಾರೆ. ಸೂಕ್ಷ್ಮದರ್ಶಕದಡಿ 5 ಮೈಕ್ರಾನಿಗಿಂತ ಉದ್ದವಿದ್ದು, ಉದ್ದವು ಅಗಲದ ಮೂರು ಪಟ್ಟಾದರೂ ಇರುವ ಎಳೆಗಳು ಎಣಿಕೆಗೆ ಬರುತ್ತವೆ.

## ಗೋಡೆಗೆ ತೂಗುಹಾಕಿದ ಯಂತ್ರ ಏಕೆ ಸಾಲದು

ಗಾಳಿಯನ್ನು ಶೆಡ್ಡಿನ ಮಧ್ಯದಲ್ಲೋ ಕಂಬಕ್ಕೆ ಕಟ್ಟಿಯೋ ಅಳೆಯುವುದು ಹಳೆಯ ಪದ್ಧತಿ. ಬ್ರಿಟನ್ನಿನ ಪರಮಾಣು ಸಂಸ್ಥೆಯಲ್ಲಿದ್ದ ಶೆರ್ವುಡ್ ಮತ್ತು ಗ್ರೀನ್‌ಹಾಲ್ ಎಂಬಿಬ್ಬರು 1960ರಲ್ಲಿ ಮೈಮೇಲೆ ಧರಿಸುವ ಬ್ಯಾಟರಿ ಪಂಪಿನ ಬಗ್ಗೆ ಪ್ರಕಟಿಸಿದರು. ಅಲ್ಲಿಂದ ಈ ವಿದ್ಯೆಯ ದಿಕ್ಕೇ ಬದಲಾಯಿತು. ಕಂಬದ ಮೇಲಿನ ಅಂಕಿಗೂ ಕೆಲಸಗಾರರ ಉಸಿರಿನ ಅಂಕಿಗೂ ಬಹಳ ಅಂತರವಿರುತ್ತದೆ, ಸಾಮಾನ್ಯವಾಗಿ ಉಸಿರಿನದೇ ಹೆಚ್ಚು. ಗ್ರೈಂಡರ್ ಹಿಡಿದವರ ಮುಖ ಧೂಳು ಹುಟ್ಟುವ ಜಾಗದಿಂದ ಒಂದು ಮೊಳ ದೂರದಲ್ಲಿರುತ್ತದೆ, ಕಂಬ ಹತ್ತು ಮಾರು ಆಚೆ.

ಹಾಗಾಗಿ ಮಾದರಿ ತೆಗೆಯಬೇಕಾದ್ದು ಉಸಿರಿನ ವಲಯದಲ್ಲಿ: ಮೂಗು ಬಾಯಿಗಳ ಸುತ್ತ, ಮುಂದಕ್ಕೆ ಸುಮಾರು 30 ಸೆಂಟಿಮೀಟರಿನೊಳಗೆ. ವೆಲ್ಡರ್‌ಗಳಿಗಾದರೆ ಹೆಲ್ಮೆಟ್ಟಿನ ಒಳಬದಿಗೆ. ಗೋಡೆಯ ಯಂತ್ರ ಸೋರಿಕೆ ಪತ್ತೆಗೆ, ಎಚ್ಚರಿಕೆಯ ಗಂಟೆಗೆ ಬೇಕೇ ಬೇಕು. ಯಾರು ಎಷ್ಟು ಉಸಿರಾಡಿದರು ಎಂಬುದನ್ನು ಮಾತ್ರ ಅದು ಹೇಳಲಾರದು.

## ಆವಿಯನ್ನು ಹಿಡಿಯುವುದು

ಬೆಂಜೀನ್, ಟಾಲ್ವೀನ್, ಕ್ಸೈಲೀನ್‌ನಂಥ ಆವಿಗಳಿಗೆ ಇದ್ದಿಲಿನ ನಳಿಕೆ ಬಳಸುತ್ತಾರೆ. ಬೆರಳುದ್ದದ ಗಾಜಿನ ನಳಿಕೆಯೊಳಗೆ ವಿಶೇಷವಾಗಿ ತಯಾರಿಸಿದ ಇದ್ದಿಲು ಎರಡು ಭಾಗವಾಗಿ ಇರುತ್ತದೆ: ಮುಂದೆ 100 ಮಿಲಿಗ್ರಾಂ, ಹಿಂದೆ 50 ಮಿಲಿಗ್ರಾಂ. ತುದಿಗಳನ್ನು ಮುರಿದು ನಿಧಾನವಾಗಿ ಗಾಳಿ ಎಳೆದರೆ ಆವಿ ಇದ್ದಿಲಿಗೆ ಅಂಟಿಕೊಳ್ಳುತ್ತದೆ. ಪ್ರಯೋಗಾಲಯದಲ್ಲಿ ದ್ರಾವಕದಿಂದ ಅದನ್ನು ಬಿಡಿಸಿ ಯಾವ ರಾಸಾಯನಿಕ ಎಷ್ಟಿದೆ ಎಂದು ಬೇರೆ ಬೇರೆಯಾಗಿ ಅಳೆಯುತ್ತಾರೆ. ಎರಡು ಭಾಗ ಏಕೆಂದರೆ, ಮುಂದಿನದು ತುಂಬಿ ತುಳುಕಿ ಹಿಂದಿನದಕ್ಕೂ ಆವಿ ಹೋಗಿದ್ದರೆ ಸ್ವಲ್ಪ ತಪ್ಪಿಸಿಕೊಂಡು ಹೊರಗೂ ಹೋಗಿರಬಹುದು ಎಂಬ ಸುಳಿವು ಸಿಗುತ್ತದೆ. ಹಿಂದಿನ ಭಾಗದಲ್ಲಿ ಮುಂದಿನದರ ಹತ್ತನೇ ಒಂದಕ್ಕಿಂತ ಹೆಚ್ಚಿದ್ದರೆ ಆ ಅಂಕಿಯನ್ನು ಅನುಮಾನದಿಂದಲೇ ನೋಡಬೇಕು, ನಿಜವಾದದ್ದು ಅದಕ್ಕಿಂತ ಹೆಚ್ಚೇ ಇದ್ದೀತು.

ಎಲ್ಲಕ್ಕೂ ಇದ್ದಿಲು ಆಗುವುದಿಲ್ಲ. ಮೆಥನಾಲಿಗೆ ಸಿಲಿಕಾ ಜೆಲ್, ಫಾರ್ಮಾಲ್ಡಿಹೈಡಿಗೆ ಅದರೊಡನೆ ಪ್ರತಿಕ್ರಿಯಿಸುವ ಲೇಪವಿರುವ ನಳಿಕೆ ಬೇಕು. ಪಂಪೇ ಇಲ್ಲದ ಬ್ಯಾಡ್ಜುಗಳೂ ಇವೆ. ಗುರುತಿನ ಚೀಟಿಯಂತೆ ಜೇಬಿಗೆ ಸಿಕ್ಕಿಸಿದರೆ ಆವಿ ತಾನಾಗಿ ಒಳಸೇರುತ್ತದೆ. ಇನ್ನು ಬಣ್ಣ ಬದಲಿಸುವ ನಳಿಕೆಗಳಲ್ಲಿ ಕೈಪಂಪಿನಿಂದ ಕೆಲವು ಬಾರಿ ಗಾಳಿ ಎಳೆದರೆ ಬಣ್ಣ ಎಲ್ಲಿಯವರೆಗೆ ಹಬ್ಬಿತು ಎಂಬುದನ್ನು ನೋಡಿ ಪ್ರಮಾಣ ಓದಬಹುದು. ನಿಮಿಷಗಳಲ್ಲಿ ಉತ್ತರ ಸಿಕ್ಕರೂ ಅದು ನಾಲ್ಕನೇ ಒಂದು ಪಾಲಿನಷ್ಟು ಆಚೀಚೆ ಇರಬಹುದು.

## ಆಗಲೇ ಕೂಗುವ ಉಪಕರಣಗಳು

ಫಿಲ್ಟರಿನ ಉತ್ತರ ಬರುವುದು ದಿನಗಳ ಮೇಲೆ. ವರ್ಷಗಟ್ಟಲೆ ಕಾಡುವ ಧೂಳಿಗೆ ಅದು ಸರಿ, ನಿಮಿಷದಲ್ಲಿ ಕೊಲ್ಲುವ ಅನಿಲಕ್ಕೆ ಸಾಲದು. ತೊಟ್ಟಿ, ಮ್ಯಾನ್‌ಹೋಲ್, ಬಾಯ್ಲರಿನೊಳಗೆ ಇಳಿಯುವವರಿಗೆ ಎದೆಗೆ ಸಿಕ್ಕಿಸುವ ಅನಿಲ ಮಾಪಕ ಕೊಡುತ್ತಾರೆ. ಸಾಮಾನ್ಯವಾಗಿ ಅದು ನಾಲ್ಕನ್ನು ನೋಡುತ್ತದೆ: ಆಮ್ಲಜನಕ, ಹೊತ್ತಿಕೊಳ್ಳುವ ಅನಿಲ, ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್. ಶುದ್ಧ ಗಾಳಿಯಲ್ಲಿ ಆಮ್ಲಜನಕ 20.9 ಪ್ರತಿಶತ ಇರುತ್ತದೆ. 19.5ಕ್ಕಿಂತ ಇಳಿದರೆ ಮಾಪಕ ಕೂಗುತ್ತದೆ. ಅಳೆಯುವುದು ಇಳಿಯುವ ಮೊದಲು, ಹೊರಗೆ ನಿಂತೇ, ಉದ್ದ ನಳಿಕೆ ಬಿಟ್ಟು, ಮೇಲೆ, ನಡುವೆ ಮತ್ತು ತಳದಲ್ಲಿ. ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಳದಲ್ಲಿ ಕೂಡಿರಬಹುದು.

ಈ ಮಾಪಕವೂ ಮುದಿಯಾಗುತ್ತದೆ. ಒಳಗಿನ ಸಂವೇದಕಗಳು ಕೆಲವು ವರ್ಷಗಳಲ್ಲಿ ಸವೆಯುತ್ತವೆ. ಹೊತ್ತಿಕೊಳ್ಳುವ ಅನಿಲವನ್ನು ಅಳೆಯುವ ಒಂದು ಬಗೆಯ ಸಂವೇದಕ ಸಿಲಿಕೋನ್ ಸ್ಪ್ರೇಯ ಆವಿ ತಾಗಿದರೆ ಸತ್ತೇ ಹೋಗಬಹುದು. ಸತ್ತ ಮೇಲೂ ಪರದೆ ಸೊನ್ನೆಯನ್ನೇ ತೋರಿಸುತ್ತದೆ, ಸುರಕ್ಷಿತ ಗಾಳಿಯಲ್ಲಿ ತೋರಿಸುವ ಅದೇ ಸೊನ್ನೆ. ಆದ್ದರಿಂದ ಪ್ರತಿದಿನ ಬಳಸುವ ಮೊದಲು ಪ್ರಮಾಣ ಗೊತ್ತಿರುವ ಪರೀಕ್ಷಾ ಅನಿಲವನ್ನು ಬಿಟ್ಟು ಅದು ಕೂಗುತ್ತದೆಯೇ ಎಂದು ನೋಡಲೇಬೇಕು.

ಆವಿಗಳಿಗೆ ನೇರಳಾತೀತ ದೀಪದ ಮಾಪಕವಿದೆ. ಅದು ಬೆಂಜೀನ್, ಟಾಲ್ವೀನ್, ಇನ್ನೂ ಹತ್ತಾರು ಆವಿಗಳನ್ನು ಒಟ್ಟು ಸೇರಿಸಿ ಒಂದೇ ಅಂಕಿ ಕೊಡುತ್ತದೆ, ಯಾವುದು ಎಷ್ಟೆಂದು ಬಿಡಿಸುವುದಿಲ್ಲ. ಧೂಳಿಗೆ ಬೆಳಕಿನ ಚದುರುವಿಕೆಯನ್ನು ಓದುವ ಮಾಪಕವಿದೆ. ತೇವ ಹೆಚ್ಚಿದ್ದರೆ ನೀರ ಹನಿಯನ್ನೂ ಅದು ಧೂಳೆಂದೇ ಎಣಿಸುತ್ತದೆ. ಈ ಯಂತ್ರಗಳ ಅಂಕಿಯನ್ನು ಕಾನೂನಿನ ಮಿತಿಗೆ ನೇರವಾಗಿ ಹೋಲಿಸುವುದು ಸರಿಯಲ್ಲ. ಆದರೆ ಫಿಲ್ಟರಿಗೆ ಆಗದ ಕೆಲಸವೊಂದು ಇವುಗಳಿಂದ ಆಗುತ್ತದೆ. ಮಾಪಕವನ್ನು ಹಾಕಿ, ಜೊತೆಗೆ ಕೆಲಸದ ವಿಡಿಯೋ ತೆಗೆದು, ಎರಡನ್ನೂ ಸಮಯಕ್ಕೆ ಹೊಂದಿಸಿ ನೋಡಿದರೆ ಧೂಳು ಏರಿದ ಕ್ಷಣ ಕಾಣುತ್ತದೆ. ಎಂಟು ಗಂಟೆಯ ಧೂಳಿನಲ್ಲಿ ದೊಡ್ಡ ಪಾಲು ಖಾಲಿ ಚೀಲ ಮಡಚುವ ಒಂದೆರಡು ನಿಮಿಷಗಳಲ್ಲೋ, ಒಣ ಪೊರಕೆಯಿಂದ ಗುಡಿಸುವಾಗಲೋ, ಬಟ್ಟೆಯ ಧೂಳನ್ನು ಏರ್ ಪೈಪಿನಿಂದ ಊದಿಕೊಳ್ಳುವಾಗಲೋ ಬಂದಿರುತ್ತದೆ. ಯಾರೂ ಕೆಲಸವೆಂದೇ ಎಣಿಸದ ನಿಮಿಷಗಳು ಇವು.

## ಮಿತಿ ಎಂದರೆ ಏನು?

ವರದಿಗಳಲ್ಲಿ ಪಿಪಿಎಂ ಎಂದು ಬರೆದಿರುತ್ತದೆ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಆ ರಾಸಾಯನಿಕದ ಎಷ್ಟು ಭಾಗ ಎಂದರ್ಥ. ಮಿತಿಗಳು ಮೂರು ಬಗೆ. ಒಂದು, ಎಂಟು ಗಂಟೆಯ ಸರಾಸರಿ. ಎರಡು, 15 ನಿಮಿಷದ ಸರಾಸರಿ. ಮೂರು, ಒಂದು ಕ್ಷಣಕ್ಕೂ ದಾಟಬಾರದ ಮೇಲ್ಮಿತಿ. ನಿಧಾನವಾಗಿ ಕೂಡಿಕೊಳ್ಳುವ ವಿಷಕ್ಕೆ ಮೊದಲನೆಯದು ಮುಖ್ಯ. ಕಣ್ಣು ಗಂಟಲು ಸುಡುವ, ತಲೆ ತಿರುಗಿಸುವಂಥವಕ್ಕೆ ಉಳಿದೆರಡು. ಬೆಂಜೀನಿಗೆ ಓಷಾದ ಮಿತಿ ಎಂಟು ಗಂಟೆಗೆ 1 ಪಿಪಿಎಂ, 15 ನಿಮಿಷಕ್ಕೆ 5.

ಸರಾಸರಿ ಬರುವುದು ಹೀಗೆ. ಪ್ರಿಂಟಿಂಗ್ ಯಂತ್ರದ ರೋಲರುಗಳನ್ನು ಟಾಲ್ವೀನ್ ಹಾಕಿ ಒರೆಸುವವರೊಬ್ಬರು 4 ಗಂಟೆ 60 ಪಿಪಿಎಂ ಇರುವಲ್ಲಿ, 3 ಗಂಟೆ 10 ಪಿಪಿಎಂ ಇರುವಲ್ಲಿ, 1 ಗಂಟೆ ಹೊರಗೆ ಶುದ್ಧ ಗಾಳಿಯಲ್ಲಿ ಇದ್ದರು. 240 ಮತ್ತು 30 ಕೂಡಿಸಿ 8ರಿಂದ ಭಾಗಿಸಿದರೆ 33.75 ಪಿಪಿಎಂ. ಇದು ಹೆಚ್ಚೋ ಕಡಿಮೆಯೋ? 1970ರ ದಶಕದ ಆರಂಭದಲ್ಲಿ ಹಾಕಿದ ಓಷಾದ ಮಿತಿ 200. ಅದರ ಪ್ರಕಾರ ಏನೂ ತೊಂದರೆಯಿಲ್ಲ. ಎಸಿಜಿಐಎಚ್ ಎಂಬ ಔದ್ಯೋಗಿಕ ಆರೋಗ್ಯ ತಜ್ಞರ ಸಂಘ ಹೊಸ ಅಧ್ಯಯನಗಳನ್ನು ನೋಡಿ ಶಿಫಾರಸು ಮಾಡಿರುವ ಮಿತಿ 20. ಅದರ ಪ್ರಕಾರ ಹೆಚ್ಚಾಯಿತು. ಸಿಲಿಕಾಕ್ಕೂ ಆ ಸಂಘದ ಅಂಕಿ 0.025, ಓಷಾದ ಅರ್ಧ. ಮಿತಿಯೆಂಬುದು ಈಚೆ ಆರೋಗ್ಯ, ಆಚೆ ರೋಗ ಎಂದು ಎಳೆದ ಗೆರೆಯಲ್ಲ. ಕ್ಯಾನ್ಸರ್ ತರುವ ಬೆಂಜೀನ್, ಸಿಲಿಕಾ, ಕಲ್ನಾರಿನಂಥವಕ್ಕಂತೂ ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದು. "ಮಿತಿಯೊಳಗಿದೆ" ಎಂದು ಬರೆದಿದ್ದರೆ ಯಾರ ಮಿತಿ, ಯಾವ ವರ್ಷದ್ದು ಎಂದು ಕೇಳಬೇಕು.

ಎಂಟು ಗಂಟೆಯ ಮಿತಿಯನ್ನು ಹನ್ನೆರಡು ಗಂಟೆ ದುಡಿಯುವವರಿಗೆ ಹಾಗೇ ಅನ್ವಯಿಸುವುದು ಬಹಳ ಕಡೆ ನಡೆಯುವ ತಪ್ಪು. ಶಿಫ್ಟ್ ಉದ್ದವಾದರೆ ವಿಷ ಒಳಹೋಗುವ ಹೊತ್ತು ಹೆಚ್ಚುತ್ತದೆ, ದೇಹ ಅದನ್ನು ಹೊರಹಾಕಲು ಸಿಗುವ ಹೊತ್ತು ಕಡಿಮೆಯಾಗುತ್ತದೆ. ಬ್ರೀಫ್ ಮತ್ತು ಸ್ಕಾಲಾ ಎಂಬ ತಜ್ಞರು 1975ರಲ್ಲಿ ಕೊಟ್ಟ ಸೂತ್ರ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅದರಂತೆ 12 ಗಂಟೆಯ ಶಿಫ್ಟಿಗೆ ಮಿತಿ ಸರಿಯಾಗಿ ಅರ್ಧಕ್ಕೆ ಇಳಿಯುತ್ತದೆ.

ಥಿನ್ನರಿನಲ್ಲಿ ಒಂದೇ ರಾಸಾಯನಿಕ ಇರುವುದಿಲ್ಲ. ಒಂದೇ ಅಂಗಕ್ಕೆ ತಾಗುವ ಎರಡು ಆವಿಗಳಿದ್ದು, ಒಂದು ತನ್ನ ಮಿತಿಯ 60 ಪ್ರತಿಶತ, ಇನ್ನೊಂದು ತನ್ನದರ 70 ಪ್ರತಿಶತ ಇದ್ದರೆ ಬಿಡಿಬಿಡಿಯಾಗಿ ಎರಡೂ ಪಾಸು. ಕೂಡಿಸಿದರೆ 130, ಎಂದರೆ ಮಿತಿ ಮೀರಿತು.

## ಯಾವ ದಿನ, ಯಾರ ಮೇಲೆ?

ಅಳೆಯುವವರು ಬರುತ್ತಾರೆಂದು ಹಿಂದಿನ ದಿನ ನೆಲ ತೊಳೆದು, ಅರ್ಧ ಯಂತ್ರ ನಿಲ್ಲಿಸಿ, ಬಾಗಿಲೆಲ್ಲ ತೆರೆದಿಟ್ಟರೆ ಸಿಗುವ ಅಂಕಿ ಆ ದಿನಕ್ಕಷ್ಟೇ ನಿಜ. ಪಂಪಿನ ಬಾಯಿಯನ್ನು ಬೇಕೆಂದೇ ಧೂಳಿನ ರಾಶಿಗೆ ಹಿಡಿಯುವುದರಿಂದಲೂ ಏನೂ ಸಾಬೀತಾಗುವುದಿಲ್ಲ, ಅಂಥ ಫಿಲ್ಟರನ್ನು ಪ್ರಯೋಗಾಲಯದವರು ನೋಡಿದ ಕೂಡಲೇ ಗುರುತಿಸುತ್ತಾರೆ. ಮಾದರಿ ತೆಗೆಯುವವರು ಅಲ್ಲೇ ಇದ್ದು ಏನು ಕೆಲಸ, ಎಷ್ಟು ಉತ್ಪಾದನೆ, ಫ್ಯಾನ್ ಓಡುತ್ತಿತ್ತೇ ಎಂದು ಬರೆದುಕೊಳ್ಳುವುದು ಇದಕ್ಕಾಗಿಯೇ.

ಒಂದೇ ಕೆಲಸ, ಒಂದೇ ಜಾಗ, ಆದರೂ ಅಂಕಿ ಒಂದು ದಿನಕ್ಕೂ ಮತ್ತೊಂದಕ್ಕೂ ಹಲವು ಪಟ್ಟು ಬದಲಾಗುತ್ತದೆ. ಹೀಗಾಗಿ ಒಂದೇ ಬಗೆಯ ಕೆಲಸ ಮಾಡುವವರನ್ನು ಒಂದು ಗುಂಪೆಂದು ಹಿಡಿದು, ಬೇರೆ ಬೇರೆ ದಿನ, ಬೇರೆ ಬೇರೆ ಜನರ ಮೇಲೆ ಅಳೆಯುತ್ತಾರೆ. ಯುರೋಪಿನ ಇಎನ್ 689 ಎಂಬ ಮಾನದಂಡದ 2018ರ ಆವೃತ್ತಿ ಈ ವಿಷಯದಲ್ಲಿ ಬಿಗಿಯಾಗಿದೆ. ಮೂರೇ ಮಾದರಿ ತೆಗೆದು ಸರಿಯಿದೆ ಎನ್ನಬೇಕಾದರೆ ಮೂರೂ ಮಿತಿಯ ಹತ್ತನೇ ಒಂದಕ್ಕಿಂತ ಕಡಿಮೆ ಇರಬೇಕು. ಒಂದು ಮಾದರಿ, ಮಿತಿಯ 90 ಪ್ರತಿಶತ, ಹಾಗಾಗಿ ಸುರಕ್ಷಿತ ಎನ್ನುವ ವರದಿಗೆ ಇದರೆದುರು ಬೆಲೆಯಿಲ್ಲ. ಗುಡಿಸುವವರು, ಫಿಲ್ಟರ್ ಚೀಲ ಬದಲಿಸುವವರು, ಗುತ್ತಿಗೆ ಕೆಲಸದವರು ಈ ಗುಂಪುಗಳ ಪಟ್ಟಿಯಿಂದ ಬಿಟ್ಟುಹೋಗುವುದೇ ಹೆಚ್ಚು. ಎಲ್ಲರಿಗಿಂತ ಹೆಚ್ಚು ಧೂಳು ಕುಡಿಯುವವರೂ ಅನೇಕ ಬಾರಿ ಅವರೇ.

## ರಕ್ತ, ಮೂತ್ರದ ಪರೀಕ್ಷೆ

ಗಾಳಿಯಷ್ಟೇ ದಾರಿಯಲ್ಲ. ಕೆಲವು ದ್ರಾವಕಗಳು ಚರ್ಮದಿಂದಲೂ ಇಳಿಯುತ್ತವೆ, ಸೀಸ ಕೈಯಿಂದ ಊಟಕ್ಕೆ ಸೇರುತ್ತದೆ. ಸೀಸಕ್ಕೆ ರಕ್ತ ಪರೀಕ್ಷೆ, ಬೆಂಜೀನಿಗೆ ಶಿಫ್ಟಿನ ಕೊನೆಯಲ್ಲಿ ಮೂತ್ರ ಪರೀಕ್ಷೆ ಮಾಡಿದರೆ ಎಲ್ಲ ದಾರಿಗಳಿಂದ ಒಳಹೋದದ್ದರ ಅಂದಾಜು ಸಿಗುತ್ತದೆ. ಸಿಲಿಕಾಕ್ಕೆ ಇಂಥ ಪರೀಕ್ಷೆಯಿಲ್ಲ. ಎದೆಯ ಎಕ್ಸ್‌ರೇ, ಊದುವ ಪರೀಕ್ಷೆಗಳು ತೋರಿಸುವುದು ಆಗಿಹೋದ ಹಾನಿಯನ್ನು. ಅದಕ್ಕೇ ಧೂಳಿನ ಕೆಲಸದಲ್ಲಿ ಗಾಳಿಯ ಮಾಪನಕ್ಕೆ ಬದಲಿ ಇಲ್ಲ.

## ಅಂಕಿ ಬಂದ ಮೇಲೆ

ಅಂಕಿ ಹೆಚ್ಚು ಬಂತೆಂದು ಎಲ್ಲರಿಗೂ ಮಾಸ್ಕ್ ಹಂಚಿ ಮುಗಿಸುವುದು ಸುಲಭ. ಆದರೆ ಮಾಸ್ಕ್ ಬರುವುದು ಕೊನೆಯಲ್ಲಿ. ಮೊದಲ ಪ್ರಶ್ನೆ, ಆ ವಸ್ತುವೇ ಬೇಕೇ? ಬ್ರಿಟನ್ 1949ರ ನಿಯಮದಿಂದ ಎರಕದ ವಸ್ತುಗಳ ಬ್ಲಾಸ್ಟಿಂಗಿಗೆ, ಎಂದರೆ ಅವುಗಳ ಮೇಲೆ ರಭಸವಾಗಿ ಚಿಮ್ಮಿಸಿ ಶುಚಿಮಾಡಲು, ಮರಳು ಬಳಸುವುದನ್ನೇ ತಡೆಯಿತು, ಲೋಹದ ಗುಂಡು, ಚೂರುಗಳಿಂದ ಕೆಲಸ ನಡೆಯಿತು. ವಸ್ತು ಬಿಡಲಾಗದಿದ್ದರೆ ಧೂಳು ಹುಟ್ಟುವಲ್ಲೇ ನೀರು ಹಾಯಿಸುವುದು, ಕತ್ತರಿಸುವ ಅಲಗಿಗೇ ಎಳೆಯುವ ಹುಡ್ ಕೂರಿಸುವುದು, ಯಂತ್ರವನ್ನು ಮುಚ್ಚುವುದು. ಪೊರಕೆಯ ಬದಲು ಒದ್ದೆ ಬಟ್ಟೆ, ಸೂಕ್ಷ್ಮ ಫಿಲ್ಟರಿನ ವ್ಯಾಕ್ಯೂಮ್. ಧೂಳು ಹುಟ್ಟುವ ಜಾಗದಿಂದ ಹುಡ್ ಒಂದಡಿ ಹಿಂದೆ ಸರಿದರೂ ಎಳೆತ ತೀರಾ ಕುಗ್ಗುತ್ತದೆ. ಆದ್ದರಿಂದ ಫ್ಯಾನ್ ಸದ್ದು ಮಾಡುತ್ತಿದೆ ಎಂಬುದು ಸಾಕಾಗದು.

ಇವೆಲ್ಲ ಆದಮೇಲೆ ಉಳಿದದ್ದಕ್ಕೆ ಮಾಸ್ಕ್. ಎನ್95 ಸಣ್ಣ ಕಣಗಳಲ್ಲಿ 95 ಪ್ರತಿಶತವನ್ನಾದರೂ ತಡೆಯುವಂತೆ ತಯಾರಾಗಿರುತ್ತದೆ. ಅದು ಮುಖಕ್ಕೆ ಸಂದಿಲ್ಲದೆ ಕೂತರೆ ಮಾತ್ರ ಆ ಮಾತು ನಿಜ, ಗಡ್ಡವಿದ್ದರೆ ಕೂರದು. ಆವಿಗೆ ಅದರದೇ ಕಾರ್ಟ್ರಿಜ್ ಬೇಕು, ಅದನ್ನು ಹೊತ್ತಿಗೆ ಸರಿಯಾಗಿ ಬದಲಿಸಬೇಕು.

ಬದಲಾವಣೆ ಆದಮೇಲೆ ಅದೇ ಕೆಲಸವನ್ನು, ಅದೇ ಬಗೆಯಲ್ಲಿ ಮತ್ತೆ ಅಳೆಯಬೇಕು. ಎರಡೂ ವರದಿಗಳ ಪ್ರತಿಯನ್ನು ಕೇಳಿ ಪಡೆದು ಇಟ್ಟುಕೊಳ್ಳಿ: ದಿನಾಂಕ, ಮಾಡಿದ ಕೆಲಸ, ಎಷ್ಟು ನಿಮಿಷದ ಮಾದರಿ, ಯಾವ ವಸ್ತು, ಹೋಲಿಸಿದ ಮಿತಿ, ಇಷ್ಟೂ ಅದರಲ್ಲಿರಲಿ. ಸಿಲಿಕೋಸಿಸ್ ಸಾಮಾನ್ಯವಾಗಿ ಹತ್ತು ವರ್ಷ ಅಥವಾ ಇನ್ನೂ ಹೆಚ್ಚು ಕಾಲ ಧೂಳಿನಲ್ಲಿ ದುಡಿದ ಮೇಲೆ ಕಾಣಿಸುತ್ತದೆ, ಅಷ್ಟರಲ್ಲಿ ಕೆಲಸ ಬದಲಾಗಿರುತ್ತದೆ, ಕಾರ್ಖಾನೆಯೇ ಮುಚ್ಚಿರಬಹುದು. ಅಮೆರಿಕದ ನಿಯಮ ಇಂಥ ದಾಖಲೆಗಳನ್ನು ಕನಿಷ್ಠ 30 ವರ್ಷ ಕಾಪಾಡಬೇಕೆಂದೂ, ಕೆಲಸಗಾರ ಕೇಳಿದರೆ 15 ಕೆಲಸದ ದಿನಗಳೊಳಗೆ ತೋರಿಸಬೇಕೆಂದೂ ಹೇಳುತ್ತದೆ.